ಇನ್ನೂ 164 ಕಿಲೋಮೀಟರ್ ಬಾಕಿ

ರಸ್ತೆ ಬದಿಯ ಆ ಬೋರ್ಡು ನೀವೂ ನೋಡಿರುತ್ತೀರಿ. ನಾವು ಹತ್ತಿರ ಬರುತ್ತಿದ್ದ ಹಾಗೆ ರಾಡಾರ್‌ನಲ್ಲಿ ವೇಗ ಅಳೆದು ಇಷ್ಟುದ್ದ ಅಂಕಿಯಲ್ಲಿ ತೋರಿಸುತ್ತದೆ. ಜಾಸ್ತಿ ಇದ್ದರೆ ಪಕ್ಕದಲ್ಲೊಂದು ಅಳುಮೋರೆ ಬೇರೆ. ಮೊನ್ನೆ ನನಗೆ 47 ಅಂತ ತೋರಿಸಿ ಮೋರೆ ಸಪ್ಪಗೆ ಮಾಡಿಕೊಂಡಿತು. ತಲೆ ಬಗ್ಗಿಸಿ ನನ್ನ ಸ್ಕೂಟರಿನ ಮೀಟರ್ ನೋಡಿದೆ. ಸೊನ್ನೆ. ಮುಳ್ಳು ಗಾಢ ನಿದ್ದೆಯಲ್ಲಿತ್ತು. ಅಂದರೆ ನನ್ನ ವೇಗ ಎಷ್ಟು ಅಂತ ರಸ್ತೆ ಬದಿಯ ಕಂಬಕ್ಕೆ ಗೊತ್ತು, ನಾನು ಕೂತಿರುವ ಗಾಡಿಗೆ ಗೊತ್ತಿಲ್ಲ.

ಮೀಟರ್ ಕೇಬಲ್ ಕಟ್ಟಾಗಿ ವರ್ಷದ ಮೇಲಾಯಿತು. ನೀವು ನಗಬೇಡಿ, ನಿಮ್ಮದೂ ಕಟ್ಟಾಗಿದೆ ಅಂತ ಗೊತ್ತು. ಎಷ್ಟು ಜನರದ್ದು ಹೀಗಿದೆ ಅಂತ ನೋಡೋಣ ಎಂದು ಸಿಗ್ನಲ್‌ನಲ್ಲಿ ಅಕ್ಕಪಕ್ಕದ ಗಾಡಿಗಳ ಮೀಟರ್ ಇಣುಕಿದ್ದೇನೆ. ಆಮೇಲೆ ಹೊಳೆಯಿತು, ಸಿಗ್ನಲ್‌ನಲ್ಲಿ ಎಲ್ಲರದೂ ಸೊನ್ನೆಯೇ ಅಲ್ವಾ. ಹಸಿರು ಬಿದ್ದ ಮೇಲೆ ಯಾರ ಮುಳ್ಳು ಏಳುತ್ತದೆ, ಯಾರದು ಏಳುವುದಿಲ್ಲ ಅಂತ ನೋಡುವಷ್ಟರಲ್ಲಿ ಹಿಂದಿನವನು ಹಾರ್ನ್ ಒತ್ತಿರುತ್ತಾನೆ.

ಸತ್ತ ಮೀಟರಿನ ಸುಖ ಅನುಭವಿಸಿದವರಿಗೇ ಗೊತ್ತು. ಓಡಿದ ಕಿಲೋಮೀಟರ್ ಲೆಕ್ಕ ಇಡುವ ಅಂಕಿಗಳಿಗೂ ಅದೇ ಒಂದು ಕೇಬಲ್ ಜೀವ ಕೊಡುವುದು. ಹಾಗಾಗಿ ವೇಗ ನಿಂತ ಗಳಿಗೆಯಲ್ಲೇ ಗಾಡಿಗೆ ವಯಸ್ಸಾಗುವುದೂ ನಿಂತಿತು. ನನ್ನದು 21,836ಕ್ಕೆ ನಿಂತಿದೆ. ಹೋದ ಸರ್ವೀಸಿನಲ್ಲಿ ಅಂಟಿಸಿದ ಚೀಟಿಯಲ್ಲಿ 22,000ಕ್ಕೆ ಆಯಿಲ್ ಬದಲಿಸಿ ಅಂತ ಬರೆದಿದೆ. ಇನ್ನೂ 164 ಕಿಲೋಮೀಟರ್ ಬಾಕಿ. ವರ್ಷದಿಂದಲೂ 164 ಬಾಕಿ. ಆಯಿಲ್ ಕಡ್ಡಿ ತೆಗೆದು ನೋಡಿದರೆ ಕಾಡಿಗೆಯ ಹಾಗಿದೆ, ಆದರೆ ಲೆಕ್ಕ ಅಂದರೆ ಲೆಕ್ಕ.

ಮೀಟರ್ ಇಲ್ಲದೆ ವೇಗ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದರೆ ಎಲ್ಲರ ಹತ್ತಿರವೂ ಒಂದು ವಿದ್ಯೆ ಇದೆ. ಒಬ್ಬರು ಕಿವಿಗೆ ಬಡಿಯುವ ಗಾಳಿಯ ಸದ್ದಿನಲ್ಲೇ ಹೇಳುತ್ತಾರಂತೆ. ನಾನೂ ಅದನ್ನೇ ನಂಬಿದ್ದೆ. ಹೊಸ ಹೆಲ್ಮೆಟ್ ಹಾಕಿದ ದಿನ ನನ್ನ ವೇಗ ಇದ್ದಕ್ಕಿದ್ದ ಹಾಗೆ ಇಳಿದುಬಿಟ್ಟಿತು. ಇನ್ನೊಬ್ಬರು ಹ್ಯಾಂಡಲ್ ಮೇಲೆ ಫೋನ್ ಸಿಕ್ಕಿಸಿ ಜಿಪಿಎಸ್‌ನಲ್ಲಿ ನೋಡುತ್ತಾರೆ. ಅದು ಬ್ರೇಕ್ ಹಾಕಿ ನಿಂತ ಮೇಲೆ ಒಂದು ಗಳಿಗೆ ತಡೆದು, ನೀವು 35ರಲ್ಲಿ ಹೋಗುತ್ತಿದ್ದೀರಿ ಅನ್ನುತ್ತದೆ.

ನಿಜ ಹೇಳಬೇಕೆಂದರೆ ಈ ಮೀಟರ್ ಒಂದು ಸೊಗಸಾದ ಯಂತ್ರ, ನಮ್ಮ ಕೈಗೆ ಸಿಕ್ಕಿ ಹಾಳಾಯಿತು. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಮುಂದಿನ ಚಕ್ರದ ನಡುವಿನ ಹಬ್‌ನಲ್ಲಿ ಮೀಟರ್ ವರ್ಮ್ ಅನ್ನುವ ಹಲ್ಲಿನ ಗಾಲಿ ಇದೆ, ಅದು ಕೇಬಲ್ಲಿನ ಒಳ ವೈರನ್ನು ತಿರುಗಿಸುತ್ತದೆ. ಆ ವೈರ್ ಮೇಲ್ಗಡೆ, ಮೀಟರ್ ಒಳಗೆ, ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಪಕ್ಕದಲ್ಲಿ ಅಲ್ಯೂಮಿನಿಯಂ ಬಟ್ಟಲು. ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಆದರೂ ಅಯಸ್ಕಾಂತ ತಿರುಗಿದ ಹಾಗೆ ಬಟ್ಟಲಿನಲ್ಲಿ ಸುಳಿ ಕರೆಂಟು ಹುಟ್ಟಿ ಅದೂ ಅಯಸ್ಕಾಂತದ ಹಿಂದೆಯೇ ತಿರುಗಲು ಹೊರಡುತ್ತದೆ, ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಒಂದು ಅದನ್ನು ಹಿಡಿದು ಎಳೆಯುತ್ತದೆ, ಈ ಎಳೆದಾಟ ಎಲ್ಲಿ ಸಮ ಆಗುತ್ತದೋ ಅಲ್ಲಿ ಬಟ್ಟಲಿಗೆ ಸೇರಿಕೊಂಡ ಮುಳ್ಳು ನಿಲ್ಲುತ್ತದೆ. ಬ್ಯಾಟರಿ ಬೇಡ, ಏನೂ ಬೇಡ. ಒಂದು ತಂತಿ ಸುತ್ತುತ್ತಿದ್ದರೆ ಸಾಕು.

ಇನ್ನೊಂದು ತಮಾಷೆ ಇದೆ. ಮೀಟರ್ ಸುಳ್ಳು ಹೇಳುವುದಕ್ಕೂ ನಿಯಮ ಇದೆ. ವಿಶ್ವಸಂಸ್ಥೆಯ 39ನೇ ನಂಬರಿನ ವಾಹನ ನಿಯಮದ ಪ್ರಕಾರ ಮೀಟರ್ ಇರುವ ವೇಗಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು, ಕಡಿಮೆ ಮಾತ್ರ ತೋರಿಸುವ ಹಾಗಿಲ್ಲ. ನನ್ನ ಮೀಟರ್ ವರ್ಷದಿಂದ ಹೇಳುತ್ತಿರುವುದು ಆ ಹೇಳಬಾರದ ಸುಳ್ಳನ್ನೇ, ಅದೂ ಅದಕ್ಕಿಂತ ಕೆಳಗೆ ಅಂಕಿಯೇ ಇಲ್ಲದ ಹಾಗೆ.

ಸರಿ, ನಾನೇ ರಿಪೇರಿ ಮಾಡುತ್ತೇನೆ ಅಂತ ಒಂದು ಭಾನುವಾರ ಕೂತೆ. ಕೇಬಲ್ಲಿನ ಕೆಳಗಿನ ನಟ್ಟು ಬಿಚ್ಚಿ ಎಳೆದರೆ ಅರ್ಧ ವೈರ್ ಬಂತು. ಉಳಿದರ್ಧ ಮೇಲಿನಿಂದ ಬಂತು. ಕಟ್ಟಾದ ಜಾಗದಲ್ಲಿ ಎಳೆಗಳು ಬೆಕ್ಕಿನ ಮೀಸೆಯ ಹಾಗೆ ಕೆದರಿ, ಒಂದು ಎಳೆ ಹೆಬ್ಬೆರಳಿಗೆ ಚುಚ್ಚಿತು. ಮನೆಯಲ್ಲಿ ಹಳೆ ಸೈಕಲ್ಲಿನ ಬ್ರೇಕ್ ವೈರ್ ಇತ್ತು. ಅಳತೆಗೆ ಕತ್ತರಿಸಿ, ಎರಡೂ ತುದಿಯನ್ನು ಸುತ್ತಿಗೆಯಲ್ಲಿ ಬಡಿದು ಚೌಕ ಮಾಡಿ, ಹೇಗೋ ತುರುಕಿದೆ. ಹೊರಟೆ. ಮುಳ್ಳು ಎದ್ದಿತು! 20ಕ್ಕೆ ಬಂತು. ಆಮೇಲೆ 80ಕ್ಕೆ ಹಾರಿತು, ಅಲ್ಲಿಂದ 10ಕ್ಕೆ, ಮತ್ತೆ 60ಕ್ಕೆ, ನನ್ನ ಸ್ಕೂಟರ್ ಅಷ್ಟು ಹುರುಪಿನಲ್ಲಿದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಮುಂದಿನ ತಿರುವಿನಲ್ಲಿ ಕಿರ್ರ್ ಅಂತ ಸದ್ದು ಬಂದು ಮತ್ತೆ ಸೊನ್ನೆ.

ಆಮೇಲೆ ಬುದ್ಧಿ ಬಂತು. ಬ್ರೇಕ್ ವೈರ್ ಇರುವುದು ಎಳೆಯುವುದಕ್ಕೆ, ಸುತ್ತುವುದಕ್ಕಲ್ಲ. ಅದರ ಎಳೆಗಳು ಒಂದೇ ದಿಕ್ಕಿಗೆ ಹೊಸೆದಿರುತ್ತವೆ, ಉಲ್ಟಾ ತಿರುಗಿಸಿದರೆ ಬಿಚ್ಚಿಕೊಳ್ಳುತ್ತವೆ. ಮೀಟರ್ ವೈರಿನಲ್ಲಿ ಒಂದು ಪದರದ ಮೇಲೆ ಇನ್ನೊಂದು ಪದರ ಎದುರು ದಿಕ್ಕಿಗೆ ಸುತ್ತಿರುತ್ತಾರೆ.

ಮೆಕ್ಯಾನಿಕ್ ಹತ್ತಿರ ಹೋದೆ. ಅವನಿಗೆ ನನ್ನ ಮೇಲೆ ಕನಿಕರ.

"ಗಾಡಿ ಓಡ್ತಿದೆಯಲ್ಲ ಸಾರ್, ಮೀಟರ್ ಯಾಕೆ? ಹಂಗೇ ಬಿಡಿ. ಮಾರೋವಾಗ ನಂಗೆ ಥ್ಯಾಂಕ್ಸ್ ಹೇಳ್ತೀರಿ."

ಇಲ್ಲಿ ನನ್ನ ತಮಾಷೆ ನಿಂತುಹೋಯಿತು. ಯಾಕೆಂದರೆ ಈ ಗಾಡಿಯನ್ನು ನಾನೂ ಸೆಕೆಂಡ್ ಹ್ಯಾಂಡ್ ತಗೊಂಡವನು. ಕಡಿಮೆ ಓಡಿದ ಗಾಡಿ ಅಂದಿದ್ದರು. ಬ್ರೇಕ್ ಶೂ ಸವೆದು ತಗಡಾಗಿತ್ತು, ಬೇರಿಂಗ್ ಕೂಗುತ್ತಿತ್ತು, ಮೀಟರ್ ಮಾತ್ರ ಎಳೆ ಮಗುವಿನ ಹಾಗೆ ನಗುತ್ತಿತ್ತು. ಕೇಬಲ್ ಕಳಚಿಟ್ಟು ಓಡಿಸಿ, ಮಾರುವ ಹಿಂದಿನ ದಿನ ಸಿಕ್ಕಿಸುವುದು ಜಾಣತನ ಅಲ್ಲ, ಕಳ್ಳತನ. ಯಾರೋ ಕೂಡಿಟ್ಟ ದುಡ್ಡು ಕೊಟ್ಟು, ಆ ಅಂಕಿ ನಂಬಿ, ಆ ಸವೆದ ಬ್ರೇಕಿನ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುತ್ತಾರೆ. ವೇಗದ ವಿಷಯವೂ ಅಷ್ಟೇ. 30ರ ಬದಲು 60ರಲ್ಲಿ ಹೋದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲುವುದಕ್ಕೆ ಎರಡಲ್ಲ, ನಾಲ್ಕು ಪಟ್ಟು ಜಾಗ ಬೇಕು. ಅದನ್ನು ಕಿವಿಯ ಗಾಳಿಯಲ್ಲಿ ಅಂದಾಜು ಮಾಡುತ್ತೇವೆ ನಾವು. ಸಾಕಾಗಿದೆ.

"ಇಲ್ಲ, ಹೊಸ ಕೇಬಲ್ ಹಾಕಿ" ಅಂದೆ. ಅವನು ಹಾಕಲು ಹೊರಟ, ನಾನು ತಡೆದೆ. ಹೋದ ಸಲ ಹಾಕಿದ್ದು ಮೂರೇ ವಾರಕ್ಕೆ ಕಟ್ಟಾಗಿತ್ತು. ಮೊದಲು ಹಳೆ ವೈರಿನ ಮೇಲಿನ ತುಂಡನ್ನು ಮೀಟರಿಗೆ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿ ನೋಡಿದೆವು. ಸಲೀಸಾಗಿ ತಿರುಗಿತು, ಅಂದರೆ ಮೀಟರ್ ಜಾಮ್ ಆಗಿಲ್ಲ. ತಪ್ಪು ಇದ್ದದ್ದು ದಾರಿಯಲ್ಲಿ. ಯಾರೋ ಪುಣ್ಯಾತ್ಮರು ಕೇಬಲ್ಲನ್ನು ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ ಬಿಗಿಯಾಗಿ ಕಟ್ಟಿ, ಮೊಣಕೈ ಮಡಚಿದ ಹಾಗೆ ಮಡಚಿದ್ದರು. ಅದನ್ನು ಸಡಿಲ ಮಾಡಿದೆವು. ಹೊಸ ಕೇಬಲ್ಲಿನ ಒಳ ವೈರಿಗೆ ತೆಳ್ಳಗೆ ಗ್ರೀಸ್ ಸವರಿ, ಮೇಲಿನ ತುದಿಯ ಹತ್ತಿರ ಮಾತ್ರ ಸವರದೆ ಬಿಟ್ಟೆವು, ಇಲ್ಲದಿದ್ದರೆ ಗ್ರೀಸ್ ಮೀಟರಿನ ಒಳಗೇ ಹತ್ತಿಬಿಡುತ್ತದೆ. ಮುಂದಿನ ಚಕ್ರ ಎತ್ತಿ ಕೈಯಲ್ಲಿ ಸುತ್ತಿಸಿದಾಗ ಚೌಕ ತುದಿ ಟಕ್ ಅಂತ ಕೂತಿತು. ಮುಳ್ಳು ಒಂಚೂರು ನಡುಗಿತು.

ವಾಪಸ್ ಬರುವಾಗ ಅದೇ ಬೋರ್ಡು. ಅದು 38 ಅಂದಿತು, ನನ್ನ ಮೀಟರ್ 42 ಅಂದಿತು. ನಿಯಮದ ಪ್ರಕಾರ ಹೇಳಿದ ಸುಳ್ಳು. ಕೇಳಿ ಎಷ್ಟು ದಿನ ಆಗಿತ್ತು!

ಆಯಿಲ್ ಚೀಟಿಗೆ ಇನ್ನು 157 ಕಿಲೋಮೀಟರ್ ಇದೆ.