ಇದು ಬೇರೆ ಕೈ ಅಂತ ಅಣ್ಣ ಹೇಳುತ್ತಿದ್ದ

2016ರಲ್ಲಿ ಚಿತ್ರಕಾರ ಪಾಲ್ ರಯಾನ್ ತೀರಿಕೊಂಡ ಮೇಲೆ, ಪೇಪರ್‌ನಲ್ಲಿ ದಿನಾ ಬರುವ ಫ್ಯಾಂಟಮ್ ಚಿತ್ರಕಥೆಯ ಸ್ಟ್ರಿಪ್ಪನ್ನು ಬಿಡಿಸುವ ಕೆಲಸ ಮೈಕ್ ಮ್ಯಾನ್ಲಿ ಕೈಗೆತ್ತಿಕೊಂಡ ವಿಷಯ ಓದಿ ನಮ್ಮಣ್ಣನ ನೋಟ್‌ಬುಕ್ ನೆನಪಾಯಿತು. ಗುಬ್ಬಿಯ ನಮ್ಮ ಮನೆಯಲ್ಲಿ ಪೇಪರ್‌ನಿಂದ ಆ ಚೌಕಗಳನ್ನು ಕತ್ತರಿಸಿ, ಅನ್ನದ ಅಗುಳು ಹಚ್ಚಿ ಅಂಟಿಸುತ್ತಿದ್ದ. ಸೈ ಬ್ಯಾರಿ 1961ರಿಂದ 1994ರವರೆಗೆ ಚಿತ್ರ ಬರೆದ ಫ್ಯಾಂಟಮ್ ಅದು. ತಲೆಬುರುಡೆ ಉಂಗುರ, ಕಣ್ಣುಗುಡ್ಡೆ ಕಾಣದ ಮುಖವಾಡ ಅವನಿಗೆ ಬಾಯಿಪಾಠ. ಗೆರೆ ಸ್ವಲ್ಪ ದಪ್ಪ ಆದರೂ ‘ಇದು ಬೇರೆ ಕೈ’ ಅಂತ ಥಟ್ಟನೆ ಹೇಳುತ್ತಿದ್ದ. ಅಂಥ ಓದುಗರ ಎದುರು ನಿಲ್ಲುವುದು ಸುಮ್ನೆ ಮಾತಲ್ಲ, ಅಲ್ವಾ? ಮ್ಯಾನ್ಲಿ ಹೊಸಬರಲ್ಲ, 2010ರಿಂದಲೇ ಜಡ್ಜ್ ಪಾರ್ಕರ್ ಅನ್ನುವ ಇನ್ನೊಂದು ಸ್ಟ್ರಿಪ್ಪಿಗೆ ಚಿತ್ರ ಬರೆಯುತ್ತಿದ್ದವರು. ಪಳಗಿದ ಕೈಗೆ ಕೊಟ್ಟಿದ್ದು ಒಳ್ಳೆಯದೇ ಆಯಿತು. ಅವರು ಬರೆದ ಕೆಲವು ಚಿತ್ರಗಳನ್ನು ಅಣ್ಣನಿಗೆ ಮೊಬೈಲ್‌ನಲ್ಲಿ ತೋರಿಸಿದೆ. ಕನ್ನಡಕ ಮೇಲೇರಿಸಿ ತುಂಬಾ ಹೊತ್ತು ನೋಡಿದ.