ಕಪಾಟಿನಂಥ ಅಣಬೆಯೂ ಕೊನೆಗೌಡನ ಲೆಕ್ಕವೂ

ಅಡಿಕೆ ಕೊಯ್ಲಿನ ಸಮಯದಲ್ಲಿ ಸಾಗರದ ಕಡೆಯ ಮಾವನ ಮನೆಗೆ ಹೋಗುವ ನನ್ನಂಥ ಅಳಿಯನಿಂದ ತೋಟಕ್ಕೆ ಕಾಸಿನ ಉಪಯೋಗವಿಲ್ಲವೆಂಬುದು ಆ ಮನೆಯಲ್ಲಿ ಎಂದೋ ಇತ್ಯರ್ಥವಾಗಿರುವುದರಿಂದ, ಮರಗಳಿಗೆ ಕಪಾಟು ಜಡಿದಂತೆ ಅಂಟಿಕೊಂಡಿರುವ ಅಣಬೆಗಳನ್ನು ಗುರುತಿಸುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಸೌದೆ ಕೊಟ್ಟಿಗೆಯಲ್ಲಿದ್ದ ಮಾವಿನ ತುಂಡಿನ ಮೇಲೆ ಕಂದು, ಬೂದು, ಕೆನೆ ಬಣ್ಣದ ಪಟ್ಟೆಗಳ ಪುಟ್ಟ ಬೀಸಣಿಗೆಗಳು ಕಂಡವು. ‘ಟ್ರಾಮೆಟೀಸ್ ವರ್ಸಿಕಲರ್! ಟರ್ಕಿ ಕೋಳಿಯ ಬಾಲ!’ ಎಂದು ಹೆಂಡತಿಯ ಮುಂದೆ ಘೋಷಿಸಿಬಿಟ್ಟೆ. ಹಾಗಿದ್ದರೆ ತಳದಲ್ಲಿ ಮಿಲಿಮೀಟರಿಗೆ 3ರಿಂದ 5ರಷ್ಟು ಸೂಕ್ಷ್ಮ ರಂಧ್ರಗಳಿರಬೇಕು. ಎಣಿಸುವುದಕ್ಕೆಂದು ಮಾವನವರ ಓದುವ ಕನ್ನಡಕವನ್ನು ಕೇಳದೆಯೇ ತಂದು, ಮಗುಚಿ ನೋಡಿದರೆ ತಳವು ಸಾರಿಸಿದ ಅಂಗಳದಂತೆ ನುಣ್ಣಗಿತ್ತು. ಅದು ಸ್ಟೀರಿಯಂ ಎಂಬ ಬೇರೆಯೇ ಅಣಬೆ, ವೇಷವಷ್ಟೇ ಬಾಲದ್ದು. ಅಣಬೆಯ ಮೇಲ್ಮೈ ಬಣ್ಣವು ಹೆಣ್ಣು ನೋಡುವ ಮುಂಚೆ ಕಳಿಸುವ ಫೋಟೋದಷ್ಟೇ ವಿಶ್ವಾಸಾರ್ಹ.

ಮುಂದಿನದು ಹಿತ್ತಲಿನ ಹಲಸಿನ ಬುಡದಲ್ಲಿದ್ದ ಊಟದ ತಟ್ಟೆಯಗಲದ ಅಣಬೆ. ಈ ಸಲ ತಳದಿಂದಲೇ ಆರಂಭಿಸೋಣವೆಂದು ಹೆಂಡತಿಯ ಪುಟ್ಟ ಕನ್ನಡಿ ಹಿಡಿದು ಮರದಡಿ ಅಂಗಾತ ಮಲಗಿದೆ. ಕನ್ನಡಿಯಲ್ಲಿ ಬೆಳ್ಳಗಿನ ತಳ ಕಾಣುವುದಕ್ಕೂ ಚಗಳಿ ಇರುವೆಗಳಿಗೆ ನಾನು ಕಾಣುವುದಕ್ಕೂ ಸರಿಹೋಯಿತು. ಎದ್ದು ಕುಣಿಯುವ ಭರದಲ್ಲಿ ಅಣಬೆಗೆ ಪಂಚೆ ಉಜ್ಜಿ, ಅದರ ತುಂಬ ಕಾಫಿಪುಡಿಯಂಥ ಕಂದು ಧೂಳು ಮೆತ್ತಿಕೊಂಡಿತು. ತಳದಿಂದ ಉದುರಿದ ಬೀಜಕಣಗಳೇ ಗಾಳಿಯಲ್ಲಿ ಮೇಲೇರಿ ಅಣಬೆಯ ಬೆನ್ನ ಮೇಲೆ ಕೂತಿದ್ದವು; ನಾನು ಅದನ್ನೇ ಅಣಬೆಯ ಬಣ್ಣವೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ.

ಗ್ಯಾನೊಡರ್ಮಾ ಆಪ್ಲನೇಟಂ ಗುಂಪಿನದೆಂಬ ಗುಮಾನಿಯಿಂದ ಅದನ್ನು ಕತ್ತಿಯಿಂದ ಬಿಡಿಸಿ ತಂದು, ಬೀಜಕಣಗಳ ಅಚ್ಚು ತೆಗೆಯಲು ಮದುವೆಯ ಕಾಗದವೊಂದರ ಬಿಳಿಯ ಬೆನ್ನಿನ ಮೇಲೆ ರಾತ್ರಿಯಿಡೀ ಬೋರಲು ಇಟ್ಟೆ. ಬೆಳಿಗ್ಗೆ ಅತ್ತೆಯವರು, ಕಾಫಿಪುಡಿ ಚೆಲ್ಲಿದವರು ಯಾರೆಂದು ಗೊಣಗುತ್ತ, ಕಾಗದವನ್ನು ಕೊಡವಿ, ಅಣಬೆಯನ್ನು ಮಗುಚಿ ಜಗಲಿಯ ಮೂಲೆಗಿಟ್ಟಿದ್ದರು. ಉಳಿದಿದ್ದು ಗಾಯದ ಪರೀಕ್ಷೆಯೊಂದೇ: ಈ ಅಣಬೆಯ ಹಸಿ ತಳವನ್ನು ಗೀರಿದರೆ ಗೀರು ತಕ್ಷಣ ಕಂದಾಗಿ ಹಾಗೆಯೇ ಉಳಿಯುತ್ತದೆ, ಕೆಲವರು ಸೂಜಿಯಿಂದ ಅದರ ಮೇಲೆ ಚಿತ್ರವನ್ನೂ ಬಿಡಿಸುತ್ತಾರೆ. ಸೂಜಿ ಹುಡುಕಿಕೊಂಡು ಬರುವಷ್ಟರಲ್ಲಿ ಕನ್ನಡಕ ಕಾಣದ ಮಾವನವರು, ಕೈಗೆ ಸಿಕ್ಕಿದ ಬಿಳಿ ರಟ್ಟಿನ ಮೇಲೆ, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಲೆಕ್ಕವನ್ನು ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದು ಮುಗಿಸಿದ್ದರು. ಒಂದೊಂದು ಅಂಕಿಯೂ ಅಚ್ಚುಕಟ್ಟಾಗಿ ಕಂದು ಬಣ್ಣದಲ್ಲಿ ಮೂಡಿತ್ತು.

‘ಎಲ್ಲಿಂದ ತಂದಿರಿ ಅಳಿಯಂದಿರೇ, ಈ ರಟ್ಟನ್ನು?’ ಎಂದು ಅವರು ಮೆಚ್ಚುಗೆಯಿಂದ ಕೇಳಿದರು. ‘ನನ್ನ ಪೆನ್ನಿನಲ್ಲಿ ಶಾಯಿ ಮುಗಿದು ವಾರವಾಯಿತು.’