ಒಂದೇ ನಿಮಿಷ ಸಾರ್

ಬೆಂಗಳೂರು ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಯಾರಿಗೂ ಒಂದು ನಿಮಿಷಕ್ಕಿಂತ ಜಾಸ್ತಿ ಕೆಲಸವೇ ಇರುವುದಿಲ್ಲ. ಸ್ಕೂಟರ್ ನಿಲ್ಲಿಸುವವರ ಮಾತು ಕೇಳಿದರೆ ಹಾಗನ್ನಿಸುತ್ತದೆ. ಎರಡು ಮೊಳ ಮಲ್ಲಿಗೆ, ನಾಲ್ಕು ನಿಂಬೆಹಣ್ಣು, ಕಾಲು ಕೆಜಿ ಕಾಫಿಪುಡಿ, ಅಷ್ಟೇ. 'ಒಂದೇ ನಿಮಿಷ ಸಾರ್' ಅಂತ ಅರ್ಧ ರಸ್ತೆಗೆ ಗಾಡಿ ಅಡ್ಡ ಹಾಕಿ ಹೋದವರು ಅವರೆಕಾಯಿ ರೇಟು ಕೇಳಿ, ಹಳೇ ಪಕ್ಕದ ಮನೆಯವರ ಮಗಳ ಮದುವೆ ವಿಷಯ ವಿಚಾರಿಸಿ, ಒಂದು ಬೈಟು ಕಾಫಿಯನ್ನೂ ಮುಗಿಸಿ ಬರುತ್ತಾರೆ. ಹಿಂದೆ ಸಿಕ್ಕಿಹಾಕಿಕೊಂಡ ಆಟೋದವನ ಹಾರ್ನು ಅವರಿಗೆ ಕೇಳಿಸುವುದೇ ಇಲ್ಲ.

ತಮಾಷೆ ಅಂದರೆ, ಈ ಬಡಾವಣೆ ಹುಟ್ಟಿದ್ದೇ ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳುವುದಕ್ಕೆ. 1890ರ ದಶಕದಲ್ಲಿ ಪೇಟೆಯ ಹೊರಗೆ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಅಂತ ಎರಡು ಎಕ್ಸ್‌ಟೆನ್ಷನ್ ಆದವು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಗಲ್ಲಿಗಳಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದ್ದವರು ಗಾಳಿ ಬೆಳಕು ಬೇಕು ಅಂತ ಹೊರಗೆ ಬಂದರು. ನೇರ ರಸ್ತೆ, ಮನೆ ಮುಂದೆ ಒಂದಿಷ್ಟು ಜಾಗ, ಹಿಂದೆ ಕಸ, ಮಲ ಸಾಗಿಸುವುದಕ್ಕೆ ಅಂತ ಕನ್ಸರ್ವೆನ್ಸಿ ಗಲ್ಲಿ. ಕೆಂಪೇಗೌಡರ ಕಾಲದ ದೊಡ್ಡ ಬಸವಣ್ಣ ಗುಡ್ಡದ ಮೇಲೆ ಕೂತು ಇವರನ್ನೆಲ್ಲ ನೋಡುತ್ತಿದ್ದ. ಕಡ್ಲೆಕಾಯಿ ಪರಿಷೆಗೆ ವರ್ಷಕ್ಕೊಮ್ಮೆ ಬರುವ ಗಲಾಟೆ ಬಿಟ್ಟರೆ ಅವನಿಗೂ ಆರಾಮಾಗಿತ್ತು. ಆದರೆ ಜನ ಬಂದ ಮೇಲೆ ಬಜಾರು ಬರದೆ ಇರುತ್ತದಾ? ಹೂವಿನವರು ಬಂದರು, ತರಕಾರಿಯವರು ಬಂದರು, ಗ್ರಂಧಿಗೆ ಅಂಗಡಿ ಬಂತು, ಹೋಟೆಲು ಬಂತು. ಯಾವ ಇಕ್ಕಟ್ಟಿಗೆ ಹೆದರಿ ಓಡಿ ಬಂದರೋ ಅದು ಬುಟ್ಟಿ ಹೊತ್ತುಕೊಂಡು ಹಿಂದೆಯೇ ಬಂತು.

ಗಾಂಧಿ ಬಜಾರಿನ ಬಗ್ಗೆ ಮಾತಾಡುವವರಿಗೆ ಒಂದು ರೋಗ ಇದೆ. ಎಲ್ಲರೂ 'ಮೊದಲು ಹೀಗಿರಲಿಲ್ಲ' ಅಂತಲೇ ಶುರು ಮಾಡುತ್ತಾರೆ. ಮಾಸ್ತಿಯವರು ಗವಿಪುರದ ಮನೆಯಿಂದ ಕೊಡೆ ಹಿಡಿದುಕೊಂಡು ಇಸ್ಪೀಟಾಡಲು ಕ್ಲಬ್ಬಿಗೆ ನಡೆದು ಹೋಗುತ್ತಿದ್ದ ಕಾಲ ಅದು. ಡಿವಿಜಿಯವರು ಇದ್ದ ನಾಗಸಂದ್ರ ರಸ್ತೆಗೆ ಇನ್ನೂ ಅವರ ಹೆಸರು ಬಂದಿರಲಿಲ್ಲ. ಅಯ್ಯೋ, ಆಗಿನ ಗಾಂಧಿ ಬಜಾರು ಅಂದರೆ! ಹೌದು, ಚೆನ್ನಾಗಿಯೇ ಇದ್ದಿರಬೇಕು. ಆದರೆ ಆಗಲೂ ಯಾರೋ ಒಬ್ಬ ಹಿರಿಯರು ಕಟ್ಟೆಯ ಮೇಲೆ ಕೂತು, 'ಪ್ಲೇಗಿಗೆ ಮುಂಚೆ ಇಲ್ಲಿ ಬರೀ ಹೊಲ ಇತ್ತು, ಏನು ನೆಮ್ಮದಿ' ಅಂತ ನಿಟ್ಟುಸಿರು ಬಿಟ್ಟೇ ಇರುತ್ತಾರೆ ಅಂತ ನನ್ನ ಗುಮಾನಿ.

ನನ್ನ ಮಟ್ಟಿಗೆ ಈ ಬೀದಿ ಅಂದರೆ ಅದರ ಫುಟ್‌ಪಾತು. ಅದರಲ್ಲೂ ಹೂವಿನವರು. ಮೊಳ ಹಾಕುವಾಗ ಆ ಕೈ ಓಡುವುದನ್ನು ನೋಡಬೇಕು. ಎಡಗೈಯಲ್ಲಿ ಮಾಲೆಯ ತುದಿ, ಬಲಗೈ ಬೆರಳಿನಿಂದ ಮೊಣಕೈಗೆ ಒಂದು ಸಲ, ಮತ್ತೊಂದು ಸಲ. ಎರಡನೇ ಸಲ ಮೊಣಕೈ ಅಷ್ಟು ದೂರ ಹೋಗದೆ ಒಂದು ನಾಲ್ಕು ಹೂವು ಮುಂಚೆಯೇ ನಿಂತುಬಿಡುತ್ತದೆ. ಕೊಳ್ಳುವವಳಿಗೂ ಅದು ಗೊತ್ತು. 'ನಿಮ್ಮ ಕೈ ಗಿಡ್ಡ ಕಣ್ರೀ' ಅನ್ನುತ್ತಾಳೆ. 'ಕೈ ಗಿಡ್ಡ, ಮನಸ್ಸು ಉದ್ದ ಕಣಮ್ಮ' ಅಂತ ಒಂದು ಗೇಣು ಕೊಸರು ಬೀಳುತ್ತದೆ. ದಾರ ಕತ್ತರಿಸಿ ಬಾಳೆಲೆಗೆ ಸುತ್ತಿ ಕೊಡುವಷ್ಟರಲ್ಲಿ, ಪಕ್ಕದ ಡಬ್ಬಿ 'ನಲವತ್ತು ರೂಪಾಯಿ ಬಂದಿದೆ' ಅಂತ ಕೂಗಿ ಹೇಳುತ್ತದೆ. ಕ್ಯೂಆರ್ ಕೋಡು ಬಂತು, ಮೊಳ ಹೋಗಲಿಲ್ಲ. ಗೌರಿ ಹಬ್ಬಕ್ಕೆ ಮೊರದ ಬಾಗಿನ, ಗಣಪತಿಗೆ ಗರಿಕೆ ಮತ್ತು ಎಕ್ಕದ ಹಾರ, ಸಂಕ್ರಾಂತಿಗೆ ಸಕ್ಕರೆ ಅಚ್ಚು, ಯುಗಾದಿಗೆ ಬೇವು ಮಾವು. ಕ್ಯಾಲೆಂಡರ್ ಮನೆಯಲ್ಲಿ ಇಲ್ಲದಿದ್ದರೂ ಈ ಫುಟ್‌ಪಾತಿನಲ್ಲಿ ಒಂದು ಸುತ್ತು ಹಾಕಿದರೆ ಯಾವ ಹಬ್ಬ ಹತ್ತಿರ ಬಂತು ಅಂತ ಗೊತ್ತಾಗುತ್ತದೆ.

ಇಂಥ ಬೀದಿಯನ್ನು ಸರಿಮಾಡುತ್ತೇವೆ ಅಂತ ಹೊರಟರೆ ಜಗಳ ಆಗದೆ ಇರುತ್ತದಾ? ನಗರ ಭೂಸಾರಿಗೆ ನಿರ್ದೇಶನಾಲಯದವರು ಯೋಜನೆ ಹಾಕಿದರು. ನಡೆಯುವವರಿಗೆ ಅಗಲವಾದ ಫುಟ್‌ಪಾತ್, ಗಾಡಿಗೆ ಕಡಿಮೆ ಜಾಗ, ಬೀದಿ ವ್ಯಾಪಾರಿಗಳಿಗೂ ಜಾಗ, ಪಾರ್ಕಿಂಗ್‌ಗೆ ಕೆ.ಆರ್. ರಸ್ತೆಯಲ್ಲಿ ಬಹುಮಹಡಿ ಕಟ್ಟಡ. ಗಾಡಿಗಳನ್ನೇ ಬಿಡಬಾರದು ಎಂಬ ಮಾತೂ ಬಂತು. 2023ರಲ್ಲಿ ಬೀದಿ ಪೂರಾ ಅಗೆದು ಹಾಕಿತ್ತು. ಅಂಗಡಿಯವರು ಧೂಳು ಒರೆಸಿಕೊಂಡು, ಬರದ ಗಿರಾಕಿಗಳ ದಾರಿ ನೋಡುತ್ತಾ ಕೂತರು. ಬೀದಿ ವ್ಯಾಪಾರಿಗಳಿಗೆ ತಮ್ಮ ಜಾಗ ವಾಪಸ್ ಸಿಗುತ್ತದೋ ಇಲ್ಲವೋ ಅಂತ ದಿಗಿಲು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಪರವಾಗಿಯೇ ಇದೆ, ನಿಜ. ಆದರೆ ಕಾಯ್ದೆ ಇರುವುದು ಪುಸ್ತಕದಲ್ಲಿ, ಬುಟ್ಟಿ ಇಡಬೇಕಾಗಿರುವುದು ನೆಲದ ಮೇಲೆ. ಹಿರಿಯರಿಗೆ ಮರಗಳ ಚಿಂತೆ. ಎಲ್ಲದಕ್ಕಿಂತ ದೊಡ್ಡ ಚಿಂತೆ ಒಂದಿತ್ತು: ಗಾಡಿ ಎಲ್ಲಿ ನಿಲ್ಲಿಸೋದು?

ಅಂಗಡಿಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಐದು ಕೆಜಿ ಅಕ್ಕಿ, ಎರಡು ಕೆಜಿ ಬೆಲ್ಲ ತಗೊಂಡ ಅಜ್ಜಿಗೆ 'ಪಾರ್ಕಿಂಗ್ ಕಟ್ಟಡದವರೆಗೆ ನಡೀರಿ' ಅಂದರೆ ಮುಂದಿನ ತಿಂಗಳು ಅವರ ಮೊಮ್ಮಗ ಮೊಬೈಲಿನಲ್ಲೇ ತರಿಸುತ್ತಾನೆ. ಅಲ್ವಾ? ಆದರೆ ಇನ್ನೊಂದು ಲೆಕ್ಕವೂ ಇದೆ. ಅಂಗಡಿ ಬಾಗಿಲಲ್ಲಿ ಬೆಳಗ್ಗೆಯಿಂದ ನಿಂತ ಕಾರು ಎಷ್ಟೋ ಸಲ ಗಿರಾಕಿಯದಾಗಿರುವುದಿಲ್ಲ. ಬೀದಿಗೆ ದುಡ್ಡು ತರುವವರು ನಡೆದುಕೊಂಡು, ನಿಂತು, ಬೇಡದ್ದನ್ನೂ ನೋಡಿ ಆಸೆಪಟ್ಟು ತಗೊಳ್ಳುವವರು. ಕಾರಿನ ಕಿಟಕಿಯಿಂದ ಯಾರೂ ಸೌತೆಕಾಯಿ ಆರಿಸುವುದಿಲ್ಲ.

ಚರ್ಚ್ ಸ್ಟ್ರೀಟಿಗೆ 2018ರಲ್ಲಿ ಕಲ್ಲು ಹಾಸಿ ಹೊಸದು ಮಾಡಿದರು. ಅಲ್ಲಿ ಚೆನ್ನಾಗಿ ಕಂಡದ್ದನ್ನು ಇಲ್ಲಿಗೆ ತಂದರೆ ಆಯಿತು ಅಂದುಕೊಳ್ಳುವವರಿದ್ದಾರೆ. ನನಗೆ ಅಷ್ಟು ಸಲೀಸು ಅನ್ನಿಸುವುದಿಲ್ಲ. ಅಲ್ಲಿಗೆ ಜನ ಸಂಜೆ ಕಳೆಯಲು ಬರುತ್ತಾರೆ, ಇಲ್ಲಿಗೆ ಹುಣಸೆಹಣ್ಣು ತಗೊಳ್ಳಲು ಬರುತ್ತಾರೆ. ಬೇಳೆ, ಬಾಳೆಕಂದು, ತೆಂಗಿನಕಾಯಿ ಮಾರುವ ಬೀದಿಗೆ ಟೆಂಪೋ ಬರಲೇಬೇಕು, ಅದೂ ಹಬ್ಬದ ಹಿಂದಿನ ದಿನವೇ. ಅದಕ್ಕೆ ಜಾಗ ಇಟ್ಟು ನಡೆಯುವವರಿಗೂ ಜಾಗ ಇಡುವುದು ಡ್ರಾಯಿಂಗ್ ಹಾಳೆಯ ಮೇಲೆ ಸುಲಭ. ಹಬ್ಬದ ಹಿಂದಿನ ದಿನ ಇಲ್ಲಿ ನಿಂತು ನೋಡಿದವರಿಗೆ ಗೊತ್ತು. ಹಾಗಂತ ಅಗಲವಾದ ಫುಟ್‌ಪಾತ್ ಬೇಡ ಅನ್ನಲಾರೆ. ಮೊಣಕಾಲು ನೋವಿನ ನಮ್ಮಂಥವರಿಗೆ ಚರಂಡಿ ಹಾರದೆ ನಡೆಯುವುದೇ ಒಂದು ಸುಖ.

ಮೆಟ್ರೋ ಬಂದು ಎಷ್ಟೋ ವರ್ಷ ಆಯಿತು. 2017ರಿಂದ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಬರಬಹುದು. ಬರುವವರು ಬರುತ್ತಾರೆ. ಉಳಿದವರು ಸ್ಕೂಟರಿನಲ್ಲೇ.

ಭಾನುವಾರ ಬೆಳಗ್ಗೆ ವಿದ್ಯಾರ್ಥಿ ಭವನದ ಮುಂದೆ ಹೋಗಿ ನೋಡಿ. 1943ರ ಹೋಟೆಲು, ಸುತ್ತಮುತ್ತಲ ಶಾಲೆ ಕಾಲೇಜಿನ ಹುಡುಗರಿಗೆ ಅಂತ ಶುರುವಾದದ್ದು. ಒಳಗೆ ಪಂಚೆ ಉಟ್ಟ ಮಾಣಿ ತೋಳಿನುದ್ದಕ್ಕೂ ದೋಸೆ ತಟ್ಟೆ ಜೋಡಿಸಿಕೊಂಡು ಒಂದೂ ಜಾರದಂತೆ ಬರುತ್ತಾರೆ. ಹೊರಗೆ ಹೆಸರು ಬರೆಸಿದವರ ಗುಂಪು. ಮುಕ್ಕಾಲು ಗಂಟೆಯಾದರೂ ಯಾರಿಗೂ ಬೇಜಾರಿಲ್ಲ. ಬೀದಿಯಲ್ಲಿ ಜನ ಹೀಗೇ ನಿಂತುಕೊಳ್ಳಬೇಕು ಅಂತಲೇ ಅಲ್ವಾ ಯೋಜನೆಯವರು ಅಷ್ಟೆಲ್ಲ ನಕ್ಷೆ ಬರೆದದ್ದು? ಆದರೆ ಆ ಗುಂಪಿನ ಮಾತಿಗೆ ಕಿವಿ ಕೊಟ್ಟರೆ ದೋಸೆಯ ಸುದ್ದಿಯೇ ಇರುವುದಿಲ್ಲ. 'ನೀವೆಲ್ಲಿ ನಿಲ್ಲಿಸಿದ್ರಿ?' 'ಅದೇ, ಆ ಗಲ್ಲೀಲಿ ಸಾರ್, ಯಾರದೋ ಗೇಟ್ ಮುಂದೆ. ಒಂದೇ ನಿಮಿಷ ಅಂತ ಹೇಳಿ ಬಂದಿದೀನಿ.'